ಸಪ್ಪಳಕ್ಕೆ ರೆಕ್ಕೆ ಎತ್ತುವ ಗಿಳಿ

ಹೋದ ವಾರ ಸೇಡಂ ಬಸ್ ಸ್ಟ್ಯಾಂಡಿನ ಎದುರಿಗಿರುವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಫೋನು ಚಾರ್ಜ್ ಆಗುತ್ತಿರಲಿಲ್ಲ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಗೆ ತಾಗಿಸಿದ. ಚುಂಯ್ ಎಂದು ಎಳೆ ಹೊಗೆ ಎದ್ದು ನನ್ನ ಮೂಗಿಗೆ ಬಂತು. ಗುಗ್ಗಳಕ್ಕೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನ ವಾಸನೆ ಅದು. ಅಲ್ಲಿ ನಿಂತಿದ್ದರೂ ನಾನು ಅಲ್ಲಿರಲಿಲ್ಲ. ಶಹಾಬಾದಿನ ಒಂದು ಅಡುಗೆಮನೆಯ ಕಲ್ಲುಹಾಸಿನ ಮೇಲೆ ಕಾಲು ಚಾಚಿ ಕುಳಿತಿದ್ದೆ. ಹಂಚಿನ ಮೇಲೆ ರೊಟ್ಟಿ, ನನ್ನ ಸುತ್ತ ವೈರಿನ ತುಂಡುಗಳು, ಮತ್ತೆ ನಿಲ್ಲದ ಮಾತು... ಕಾಕುವಿನ ಮಾತು.

ಆಗ ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೊಸ ನೌಕರಿ, ಇನ್ನೂ ಮದುವೆಯಾಗಿರಲಿಲ್ಲ. ಚಿಂಚೋಳಿ ಕಡೆಯ ಹಳ್ಳಿಯಿಂದ ಬಂದವಳಿಗೆ ವಾಡಿಯಲ್ಲಿ ಮನಸ್ಸಿಗೆ ಒಪ್ಪುವ ಖೋಲಿ ಸಿಗಲಿಲ್ಲ, ಶಹಾಬಾದಿನಲ್ಲಿ ಸಿಕ್ಕಿತು. ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಹೋಗುವುದು, ಸಂಜೆ ಬರುವುದು. ಮನೆಯ ಮಾಲಕರು ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಅವರ ಹೆಂಡತಿ ಮನೆಯಲ್ಲಿಯೇ ಜಂಪರು ಹೊಲಿಯುತ್ತಿದ್ದರು. ಒಬ್ಬಳೇ ಮಗಳು, ಚಿತ್ತಾಪುರಕ್ಕೆ ಕೊಟ್ಟಿದ್ದರು. ಮೇಸ್ತ್ರಿಯನ್ನು ನಾನು ಕಾಕಾ ಎಂದೂ, ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಮುಂದಿನ ಖೋಲಿ ನನ್ನದು, ಹಿಂದಿನ ಎರಡು ಅವರದು, ನಡುವೆ ಒಂದು ಪಡಸಾಲೆ. ಅದರ ಕಿಟಕಿಯ ಹತ್ತಿರ, ಬೀದಿ ಬಾಗಿಲಿಗೆ ಬೆನ್ನು ಮಾಡಿ, ಕಾಕುವಿನ ಹೊಲಿಗೆ ಮಷಿನ್ನು.

ಕಾಕುವಿನಷ್ಟು ಮಾತನಾಡುವವರನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ, ಆಮೇಲೆಯೂ ನೋಡಿಲ್ಲ. ನಾನು ಬಾಗಿಲು ದಾಟುವುದರೊಳಗೆ ಶುರುವಾಗುತ್ತಿತ್ತು. ಓಣಿಯ ಸುದ್ದಿ, ಮಗಳ ಸುದ್ದಿ, ಬದನೆಕಾಯಿಯ ಸುದ್ದಿ. ಒಂದು ಪ್ರಶ್ನೆ ಕೇಳಿ ಅದರ ಉತ್ತರವನ್ನೂ ಅವರೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಜಂಪರಿನ ಅಳತೆ ಕೊಡಲು ಬಂದ ಹೆಂಗಸರಿಗೆ ಬಾಯಿ ತೆರೆಯಲು ಎಡೆ ಸಿಗುತ್ತಿರಲಿಲ್ಲ. "ಹಳೀ ಜಂಪರ್ ಕೊಟ್ಟು ಹೋಗ್ರಿ, ನಾ ನೋಡ್ಕೋತೀನಿ, ನೀವೇನೂ ಹೇಳೂದು ಬ್ಯಾಡ" ಎಂದು ಕಳಿಸಿಬಿಡುತ್ತಿದ್ದರು. ಓಣಿಯಲ್ಲಿ ಅವರಿಗೆ ರೇಡಿಯೋ ಎಂದೇ ಹೆಸರು. ದಿನದ ದಣಿವಿನಲ್ಲಿ ಬಂದ ನನಗೆ ಎಷ್ಟೋ ಸಲ ಇದು ಯಾವಾಗ ಮುಗಿಯುತ್ತದೋ ಅನಿಸುತ್ತಿತ್ತು.

ಕಾಕಾ ಇದಕ್ಕೆ ಪೂರಾ ಉಲ್ಟಾ. ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಬೂದುಬಣ್ಣದ ಕಲ್ಲಿನ ಹಿಟ್ಟು ಅಂಟಿಸಿಕೊಂಡು ಸಂಜೆ ಬರುವರು. ಒಳಗೆ ಬರುವಾಗ ಕಾಲನ್ನು ದಪ್ ದಪ್ ಎಂದು ಕುಟ್ಟುತ್ತ ಬರುವ ಚಾಳಿ. ಕಾಕು ಮಷಿನ್ನು ನಿಲ್ಲಿಸಿ, "ಎತ್ತು ಬಂದಂಗ ಬರ್ತೀರಲ್ಲ, ಪರಸಿ ಒಡದೀತು" ಎಂದು ಬೈಯುವರು. ಅವರು ನಕ್ಕು ಕೈಕಾಲು ತೊಳೆಯಲು ಹೋಗುವರು. ದಿನಾ ಅದೇ ಬೈಗುಳ, ದಿನಾ ಅದೇ ನಗು.

ಆ ವರ್ಷ ನಾನು ಮಕ್ಕಳಿಗೆ ಶಬ್ದದ ಪಾಠ ಮಾಡಬೇಕಿತ್ತು. ಶಬ್ದವೆಂದರೆ ಕಂಪನ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಿದ್ದರು. ಕಲಬುರಗಿಯ ಒಂದು ತರಬೇತಿಯಲ್ಲಿ ಮೈಕ್ರೋಕಂಟ್ರೋಲರ್ ಬೋರ್ಡು ನೋಡಿ ಬಂದಿದ್ದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಲ್ಯಾಪ್‌ಟಾಪಿನಲ್ಲಿ ನಾವು ಬರೆದುಕೊಟ್ಟ ನಿಯಮವನ್ನು ನುಂಗಿಕೊಂಡು ಅದರ ಪ್ರಕಾರ ನಡೆಯುವ ಪುಟ್ಟ ತಲೆ ಅದು. ಮೈಕಿಗೆ ಸಪ್ಪಳ ತಾಗಿದರೆ ಮೋಟಾರು ತಿರುಗಿಸು, ದೀಪ ಹಚ್ಚು, ಇಷ್ಟು ಹೇಳಿದರೆ ಸಾಕು. ಬೋರ್ಡು, ಗುಂಡಿಯಂಥ ಒಂದು ಮೈಕು, ಸಣ್ಣ ಮೋಟಾರು, ಎರಡು ಕೆಂಪು ದೀಪ ತರಿಸಿದೆ. ಚಪ್ಪಾಳೆ ಹೊಡೆದರೆ ಕಣ್ಣು ಬಿಟ್ಟು ರೆಕ್ಕೆ ಎತ್ತುವ ಗೂಬೆ ಮಾಡಬೇಕೆಂದು ನನ್ನ ಯೋಚನೆ.

"ಗೂಬಿ? ನನ್ನ ಮನ್ಯಾಗ?" ಕಾಕು ನನ್ನ ಚಿತ್ರ ನೋಡಿ ಹೌಹಾರಿದರು. "ಏನ್ ಟೀಚರ್ ನೀವು, ಓದಿದಾರು. ಗಿಳಿ ಮಾಡೋಣ ತಗೋರಿ, ನಾ ಹೊಲದು ಕೊಡ್ತೀನಿ."

ಹಾಗೆ ಅದು ಗಿಳಿಯಾಯಿತು. ಯಾರದೋ ಜಂಪರಿನಲ್ಲಿ ಉಳಿದ ಹಸಿರು ಬಟ್ಟೆ, ಕೊಕ್ಕಿಗೆ ಕೆಂಪು ಅಂಚು. ಮೊದಲ ಸಲ ಹತ್ತಿ ಗಿಡಿದು ತುಂಬಿದರು. ಮೋಟಾರು ಗುರ್ ಎಂದು ನರಳಿತೇ ಹೊರತು ರೆಕ್ಕೆ ಏಳಲಿಲ್ಲ. ಹೊಲಿಗೆ ಬಿಚ್ಚಿ ಹತ್ತಿ ತೆಗೆದು ಥರ್ಮಾಕೋಲ್ ಚೂರು ತುಂಬಿದರು. ರೆಕ್ಕೆಯ ಎಲುಬಿಗೆ ನಾನು ತಂತಿ ಹಾಕಿದ್ದೆ, ಅವರು ಅದನ್ನು ಕಿತ್ತು ಕಸಬರಿಗೆಯ ಕಡ್ಡಿ ಹಾಕಿದರು. ಅಡುಗೆಮನೆಯಲ್ಲಿ ಮಾತ್ರ ಗಟ್ಟಿ ಪ್ಲಗ್ಗಿತ್ತು, ಹಾಗಾಗಿ ನನ್ನ ಬೆಸುಗೆ ಕೆಲಸ ಅಲ್ಲಿಯೇ. ಅವರು ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದರೆ ನಾನು ಹೂಂ ಅನ್ನುತ್ತ ವೈರು ಕೂಡಿಸುತ್ತಿದ್ದೆ.

ಜೋಡಿಸಿ ಮುಗಿಸಿದ ದಿನ ಗಿಳಿ ಸುಮ್ಮನೇ ಕೂರಲೇ ಇಲ್ಲ. ಓಣಿಯ ಆಚೆ ಕಲ್ಲು ಕೊಯ್ಯುವ ಮಷಿನ್ನಿನ ಸಪ್ಪಳಕ್ಕೇ ಒಂದೇ ಸಮನೆ ರೆಕ್ಕೆ ಬಡಿಯತೊಡಗಿತು. ಮೈಕಿನ ಮೇಲಿನ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಅದರ ಕಿವಿಯನ್ನು ಮಂದ ಮಾಡಿದೆ. ಕೊನೆಗೆ ಆ ಸಪ್ಪಳಕ್ಕೂ ಹೊಲಿಗೆ ಮಷಿನ್ನಿಗೂ ಕಾಕುವಿನ ಮಾತಿಗೂ ಸುಮ್ಮನಿದ್ದು, ಚಪ್ಪಾಳೆಗೆ ಕಣ್ಣು ಕೆಂಪಗೆ ಹೊಳೆಸಿ ಎರಡೂ ರೆಕ್ಕೆ ಎತ್ತಿತು. ಕಾಕು ಹಿಟ್ಟಿನ ಕೈಯಿಂದಲೇ ಚಪ್ಪಾಳೆ ತಟ್ಟಿದರು. ಎತ್ತಿತು. ಮತ್ತೆ ತಟ್ಟಿದರು. ಹುಡುಗಿಯ ಹಾಗೆ ನಕ್ಕರು. ಕಾಕಾ ಕೂಡ ಬಾಗಿಲಲ್ಲಿ ನಿಂತು ನಕ್ಕರು.

ಗಿಳಿ ವಾಡಿಗೆ ಹೋಗಿ ಮಕ್ಕಳ ಕೂಗಿಗೆಲ್ಲ ಕುಣಿದು ಮರಳಿ ಬಂತು. ಆಮೇಲೆ ಅದರ ಜಾಗ ಕಾಕುವಿನ ಮಷಿನ್ನಿನ ಮುಂದಿನ ಕಿಟಕಿ. ಬಾಗಿಲು ಬಡಿದರೆ ರೆಕ್ಕೆ ಎತ್ತುತ್ತಿತ್ತು, ಕಾಕು ಎದ್ದು ಹೋಗಿ ತೆಗೆಯುತ್ತಿದ್ದರು. ಅದಕ್ಕೂ ಮೊದಲು ನಾನು ಎಷ್ಟೋ ಸಲ ಬಾಗಿಲು ಬಡಿದೂ ಬಡಿದೂ ಸೋತು ಕಿಟಕಿಗೆ ಹೋಗಿ ಕೈಬೀಸಿದ್ದೆ. ಮಷಿನ್ನಿನ ಸಪ್ಪಳ ಎಂದುಕೊಂಡಿದ್ದೆ. ನಾನು ಗಿಳಿಯನ್ನು ಶಾಲೆಗೆ ಒಯ್ಯುತ್ತೇನೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ತಾವು ಹೊಲಿದ ಗೊಂಬೆಯ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಒಂದು ಭಾನುವಾರ ಮೈಕಿನ ವೈರು ಕಿತ್ತುಹೋಗಿತ್ತು. ಮೋಟಾರೂ ಸುಟ್ಟಿದೆಯೋ ಹೇಗೆ ಎಂದು ನೋಡಲು, ಮೈಕಿನ ಹಂಗಿಲ್ಲದೆ ಆಗಾಗ ತಾನೇ ರೆಕ್ಕೆ ಎತ್ತುವಂಥ ಒಂದು ಚಿಕ್ಕ ಪ್ರೋಗ್ರಾಂ ಬರೆದು ಬೋರ್ಡಿಗೆ ಹಾಕಿದೆ. ಗಿಳಿಯನ್ನು ಕಿಟಕಿಯಲ್ಲಿಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದೆ. ಕಾಕಾ ಮನೆಯಲ್ಲಿರಲಿಲ್ಲ. ಕಾಕು ನನಗೆ ಬೆನ್ನು ಮಾಡಿ ತೋಳಿಗೆ ಹೊಲಿಗೆ ಹಾಕುತ್ತ, ಮಗಳ ಅತ್ತೆಯ ಕಥೆ ಹೇಳುತ್ತಿದ್ದರು.

ಗಿಳಿ ರೆಕ್ಕೆ ಎತ್ತಿತು. ಕಾಕು ಎದ್ದು ಹೋಗಿ ಬಾಗಿಲು ತೆಗೆದರು. ಹೊರಗೆ ಯಾರೂ ಇಲ್ಲ. "ಓಣ್ಯಾಗಿನ ಪೋರಗೋಳು, ಬಡದು ಓಡಿ ಹೋಗ್ತಾವ" ಎಂದು ಬೈದು ಬಂದು ಕುಳಿತರು. ನಾನು ನಕ್ಕೆ. ತುಸು ಹೊತ್ತಿಗೆ ಗಿಳಿ ಮತ್ತೆ ರೆಕ್ಕೆ ಎತ್ತಿತು. ಅವರು ಮತ್ತೆ ಎದ್ದರು, ಬಾಗಿಲು ತೆಗೆದರು, ಬೀದಿಯ ಎರಡೂ ಕಡೆ ಇಣುಕಿದರು. ಆಗಲೂ ನನಗೆ ತಮಾಷೆಯೇ. ಮೂರನೆಯ ಸಲ ಅವರು ಎದ್ದಾಗ ನನ್ನ ನಗು ನಿಂತಿತು. ಬಾಗಿಲು ಯಾರೂ ಬಡಿದಿರಲಿಲ್ಲ. ಆ ಕಡೆಯಿಂದ ಒಂದು ಸಪ್ಪಳವೂ ಬಂದಿರಲಿಲ್ಲ. ಕೇಳುವ ಕಿವಿಗೆ ಅದು ಗೊತ್ತಾಗಬೇಕಿತ್ತು.

ಅವರು ಬಂದು ಕುಳಿತ ಮೇಲೆ ನಾನು ಕುಳಿತಲ್ಲಿಂದಲೇ ಹೇಳಿದೆ: "ಕಾಕು, ಹಾಲು ಉಕ್ಕಾಕತ್ತದ."

ಹಾಲು ಉಕ್ಕುತ್ತಿರಲಿಲ್ಲ. ಅವರು ತಿರುಗಲಿಲ್ಲ. ಮಷಿನ್ನು ನಿಂತಿತ್ತು, ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ನಾನು ದನಿ ಎತ್ತರಿಸಿ ಇನ್ನೊಮ್ಮೆ ಹೇಳಿದೆ. ಅವರು ಮಗಳ ಅತ್ತೆಯ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಒಂದೂವರೆ ವರ್ಷ ಒಂದೇ ಸೂರಿನ ಕೆಳಗಿದ್ದು, ದಿನಾ ಮಾತಾಡಿದ ಮನುಷ್ಯರು... ಮಾತಾಡಿದ್ದೆಲ್ಲ ಅವರೇ, ಕೇಳಿದ್ದು ನಾನೊಬ್ಬಳೇ ಎಂಬುದು ಆಗ ಹೊಳೆಯಿತು.

ಎದ್ದು ಅವರ ಎದುರಿಗೆ ಹೋಗಿ ನಿಂತೆ. ನನ್ನ ಮುಖದಲ್ಲಿ ಏನು ಕಂಡರೋ, ಅವರ ಮಾತು ಪಟ್ಟನೆ ನಿಂತಿತು. ಆ ಮನೆಯಲ್ಲಿ ಅವರು ಎಚ್ಚರವಿದ್ದೂ ಸುಮ್ಮನಿದ್ದುದನ್ನು ನಾನು ಮೊದಲು ನೋಡಿದ್ದು ಅವತ್ತು. ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದರು.

"ಗೊತ್ತಾತೇನು?" ಎಂದರು.

ನಾನು ತಲೆಯಾಡಿಸಿದೆ.

"ದೊಡ್ಡ ಸಪ್ಪಳ ಕೇಳ್ತದ. ರೈಲು, ಮಷಿನ್ನು... ಮಂದಿ ಮಾತು ಎದುರಿಗಿದ್ರ ತುಟಿ ನೋಡಿ ತಿಳ್ಕೋತೀನಿ. ಹಿಂದಿಂದ ಅಂದ್ರ ಏನೂ ಇಲ್ಲ. ಭಾಳ ವರ್ಷ ಆತು." ಸೂಜಿ ದಾರ ಅತ್ತ ಸರಿಸಿ ಹೇಳಿದರು, "ನಾನೇ ಮಾತಾಡ್ತಿದ್ರ ಯಾರೂ ಏನೂ ಕೇಳಂಗಿಲ್ಲ ನೋಡ್ರಿ. ಬಚಾವ್."

ಯಾಕೆ ಮುಚ್ಚಿಟ್ಟಿರಿ, ಡಾಕ್ಟರಿಗೆ ತೋರಿಸಬಹುದಿತ್ತಲ್ಲ ಎಂದೆ. ಅವರು ತಮ್ಮ ಅತ್ತೆಯ ಸುದ್ದಿ ಹೇಳಿದರು. ಆಕೆಗೂ ಕಿವಿ ಹೋಗಿತ್ತು. ಮೊದಮೊದಲು ಮನೆಯವರು ಚೀರಿ ಹೇಳುತ್ತಿದ್ದರು, ಆಮೇಲೆ ನಕ್ಕರು, ಆಮೇಲೆ ಹೇಳುವುದನ್ನೇ ಬಿಟ್ಟರು. ಮೊಮ್ಮಗಳ ಮದುವೆ ಗೊತ್ತಾದದ್ದು ಹಂದರ ಹಾಕುವಾಗಲಂತೆ. "ಕೆವುಡಿ ಅಂದ್ರ ಮನ್ಯಾಗಿನ ಮಂಚ ಇದ್ದಂಗ. ನನಗ ಬಾಯಿಬಡಕಿ ಅನ್ಲಿ, ರೇಡಿಯೋ ಅನ್ಲಿ, ನಡೀತದ." ನಂತರ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಕಾಕಾಗ ಮಾತ್ರ ಹೇಳಬ್ಯಾಡ್ರಿ. ಅವರಿಗಿ ಗೊತ್ತಿಲ್ಲ. ಗೊತ್ತಾದ್ರ ನನ್ನ ನೋಡೂದೇ ಬ್ಯಾರೆ ಆಗ್ತದ."

ಹೇಳುವುದಿಲ್ಲ ಎಂದೆ. ಆದರೂ ನನಗೆ ದಿಗಿಲು ಹೋಗಲಿಲ್ಲ. ಗಂಡನಿಗೇ ಗೊತ್ತಾಗದಂತೆ ಒಂದು ಹೆಂಗಸು ಇಷ್ಟು ವರ್ಷ ಹೇಗೆ ಬದುಕಿದಳು... ರೈಲಿನಲ್ಲಿ ಹೋಗುವಾಗ ಬರುವಾಗ ಅದೇ ಯೋಚನೆ.

ಕೆಲವು ದಿನಗಳ ನಂತರ ಬೆಳಿಗ್ಗೆ ಮಳೆ ಹಿಡಿದಿತ್ತು. ಕಾಕಾ ನನ್ನನ್ನು ಸ್ಕೂಟರಿನ ಮೇಲೆ ಸ್ಟೇಷನ್ನಿಗೆ ಬಿಟ್ಟರು. ಗಾಡಿ ತಡವಿತ್ತು. ಅವರು ಹೊರಡಲಿಲ್ಲ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿಯೇ ಕುಳಿತರು. ಏನೋ ಹೇಳುವುದಿದೆ ಎನಿಸಿತು.

"ಇನ್ನೊಂದು ಗಿಳಿ ಮಾಡಾಕ ಬರ್ತದೇನ್ರಿ ಟೀಚರ್? ಹಿತ್ತಲ ಬಾಗಿಲಿಗಿ. ನಾ ಹಿಂದಿನಿಂದ ಬಂದ್ರ ಆಕಿ ಬೆಚ್ಚಿ ಬೀಳ್ತಾಳ."

"ಯಾಕ್ರಿ ಕಾಕಾ?" ಎಂದೆ, ಏನೂ ಗೊತ್ತಿಲ್ಲದವಳಂತೆ.

ಅವರು ನನ್ನ ಕಡೆ ನೋಡಲಿಲ್ಲ. ಹಳಿಗಳ ಮೇಲೆ ಬೀಳುವ ಮಳೆ ನೋಡುತ್ತ, "ಆಕಿಗಿ ಕೇಳಂಗಿಲ್ಲಲ್ಲ" ಎಂದರು.

ಅವರು ನಿಧಾನವಾಗಿ ಹೇಳಿದರು. ಬೆಳಗಿನ ಪೂಜೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ವಚನ ಹಾಡುವುದು ಅವರ ರೂಢಿಯಾಗಿತ್ತಂತೆ. ಮದುವೆಯಾದ ಹೊಸತರಲ್ಲಿ ಕಾಕು ಅಡುಗೆಮನೆಯ ಕೆಲಸ ಬಿಟ್ಟು ಬಂದು ಕೇಳುತ್ತಿದ್ದರಂತೆ. ವರ್ಷಗಳು ಹೋದವು. ಒಂದು ದಿನ ಶೀತವಾಗಿ ಅವರ ಗಂಟಲು ಬಿದ್ದಿತ್ತು. ದನಿಯೇ ಹೊರಡಲಿಲ್ಲ. ಬರೀ ತುಟಿ ಆಡಿಸಿ ಪೂಜೆ ಮುಗಿಸಿದರು.

"ಎದ್ದು ಬಂದ್ರ ಆಕಿ ಚಹಾ ಕೊಟ್ಟು, ಇವತ್ತ ಹಾಡು ಭಾಳ ಛಲೋ ಇತ್ತು ಅಂದಳು ನೋಡ್ರಿ. ನಾ ಚಹಾದ ಕಪ್ಪು ಹಿಡಕೊಂಡು ಹಂಗೇ ನಿಂತೆ."

ಅವತ್ತಿನಿಂದ ಅವರಿಗೆ ಒಂದೊಂದೇ ತಿಳಿಯುತ್ತ ಹೋಯಿತು. ಕಾಲು ಕುಟ್ಟಿದರೆ ಪರಸಿಯ ನಡುಕ ಅವಳ ಪಾದಕ್ಕೆ ತಾಗುತ್ತದೆ ಎಂದು ಗೊತ್ತಾದ ಮೇಲೆ ಕುಟ್ಟುತ್ತ ಬರತೊಡಗಿದರು. ಹೇಳುವುದೇನಿದ್ದರೂ ಎದುರಿಗೆ ಹೋಗಿ ಹೇಳಿದರು. ಬೆನ್ನ ಹಿಂದಿನಿಂದ ಒಮ್ಮೆಯೂ ಕರೆಯಲಿಲ್ಲ. ಇನ್ನು ಹಾಡು... ಕೇಳುವವಳಿಗೇ ಕೇಳದ ಮೇಲೆ ದನಿ ತೆಗೆಯಲು ಮನಸ್ಸು ಬರಲಿಲ್ಲ ಎಂದರು. ಆದರೆ ಆಕೆ ನೋಡುತ್ತಿರುತ್ತಾಳಲ್ಲ, ಅದಕ್ಕೆ ಇವತ್ತಿಗೂ ದಿನಾ ತುಟಿ ಆಡಿಸುತ್ತಾರೆ. ಪೂಜೆಗೆ ಕುಳಿತ ಅವರ ತುಟಿ ಅಲುಗುವುದನ್ನು ನಾನೂ ಎಷ್ಟೋ ಬೆಳಿಗ್ಗೆ ನೋಡಿದ್ದೆ. ಜಪ ಎಂದುಕೊಂಡಿದ್ದೆ.

"ಆಕಿಗಿ ನೇರ ಹೇಳಬಹುದಿತ್ತಲ್ಲ ಕಾಕಾ, ನನಗ ಗೊತ್ತದ ಅಂತ."

"ಆಕಿ ಮುಚ್ಚಿಟ್ಟಾಳಂದ್ರ ಆಕಿಗಿ ಅದು ಬೇಕಾಗ್ಯಾದ. ನಾ ಯಾಕ ಕಸಗೋಬೇಕು?" ಎಂದರು. "ನೀವೂ ಹೇಳಬ್ಯಾಡ್ರಿ."

ಗಾಡಿ ಬಂತು. ಹತ್ತಿ ಕುಳಿತೆ. ವಾಡಿ ಬಂದದ್ದು, ಇಳಿದದ್ದು ಒಂದೂ ನೆನಪಿಲ್ಲ. ಇಬ್ಬರೂ ಒಬ್ಬರಿಂದೊಬ್ಬರು ಅದೇ ಒಂದು ಸಂಗತಿಯನ್ನು ಮುಚ್ಚಿಟ್ಟುಕೊಂಡಿದ್ದರು. ನಡುವೆ ನಾನು, ಇಬ್ಬರಿಗೂ ಮಾತು ಕೊಟ್ಟು ಕುಳಿತವಳು.

ಎರಡನೆಯ ಗಿಳಿಗೆ ಕಾಕು ಖುಷಿಯಿಂದಲೇ ಬಟ್ಟೆ ಕತ್ತರಿಸಿದರು. ಜೋಡಿ ಇರಲಿ ಎಂದು ನಾನು ಹೇಳಿದ್ದನ್ನು ನಂಬಿದ್ದರು. ಕೊರಳಿಗೆ ಹಳದಿ ಪಟ್ಟಿ ಹೊಲಿದರು. ಮೈ ತಯಾರಾಗಿ ಕಪಾಟಿನಲ್ಲಿ ಕುಳಿತಿತ್ತು. ಮೋಟಾರು ಮತ್ತು ಮೈಕು ಕೊರಿಯರಿನಲ್ಲಿ ಬರಬೇಕಿತ್ತು.

ಅದು ಬರುವ ಮೊದಲೇ... ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ನಾನು ಸ್ಟೇಷನ್ನಿನಿಂದ ನಡೆದು ಬರುವಾಗ ಓಣಿಯ ತುದಿಯಲ್ಲಿ ಜನ ನಿಂತಿದ್ದರು. ಯಾರ ಮನೆ ಎಂದು ಕೇಳುತ್ತ ಕೇಳುತ್ತ ಹತ್ತಿರ ಬಂದರೆ ನಮ್ಮ ಮನೆ. ಪಡಸಾಲೆಯಲ್ಲಿ ಕಾಕಾನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ. ಅವತ್ತು ಕಾರ್ಖಾನೆಗೆ ರಜೆಯಿತ್ತು, ಮೈಮೇಲೆ ಕಲ್ಲಿನ ಹಿಟ್ಟಿರಲಿಲ್ಲ. ಆ ಶುಭ್ರ ಹುಬ್ಬುಗಳನ್ನು ನೋಡಿ ಒಂದು ಕ್ಷಣ ನನಗೆ ಇವರು ಬೇರೆ ಯಾರೋ ಅನಿಸಿತು. ಹಿತ್ತಲಿನಲ್ಲಿ ನೀರಿನ ಹೌದಿನ ಹತ್ತಿರ ಎದೆ ಹಿಡಿದುಕೊಂಡು ಬಿದ್ದಿದ್ದರಂತೆ. ಕಾಕು ಮುಂದೆ ಮಷಿನ್ನಿನ ಮೇಲಿದ್ದರು. ಬಹಳ ಹೊತ್ತಿನ ಮೇಲೆ ನೀರಿಗೆಂದು ಹಿಂದೆ ಹೋಗಿ ನೋಡಿದ್ದಾರೆ, ಅಷ್ಟರಲ್ಲಿ ಜೀವ ಹೋಗಿತ್ತು.

ಕಾಕು ಅಳುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಬಂದವರು ಏನೇನೋ ಹೇಳುತ್ತಿದ್ದರು, ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ನೋಡದಿದ್ದರೆ ಅವರಿಗೆ ಲೋಕವೇ ಕೇಳುವುದಿಲ್ಲ ಎಂದು ಅಲ್ಲಿ ನೆರೆದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ದುಃಖಕ್ಕೆ ಗರ ಬಡಿದಂತಾಗಿದೆ ಎಂದು ಹೆಂಗಸರು ಅಂದರು. ಚಿತ್ತಾಪುರದಿಂದ ಮಗಳು ಬಂದಳು. ಸಂಜೆ ಮಣ್ಣಾಯಿತು.

ಮೂರನೆಯ ದಿನದ ಕಾರ್ಯ ಮುಗಿದು ಮಂದಿ ಕಡಿಮೆಯಾದ ಮೇಲೆ ಕಾಕು ನನ್ನ ಖೋಲಿಗೆ ಬಂದರು. ಬಾಗಿಲು ಹಾಕಿ ನನ್ನ ಎದುರಿಗೆ, ನನ್ನ ತುಟಿ ಕಾಣುವಷ್ಟು ಹತ್ತಿರ ಕುಳಿತರು.

"ಅವರು ನನ್ನ ಕರದಿದ್ರು" ಎಂದರು.

"ಯಾರು ಹೇಳಿದ್ರು?"

"ಯಾರೂ ನನಗ ಹೇಳಿಲ್ಲ. ಬಾಜೂ ಮನಿಯಾಕಿ ಅಂಗಳದಾಗ ಕುಂತು ತಂಗಿಗಿ ಹೇಳಾಕತ್ತಿದ್ಳು. ನಾ ದೂರದಿಂದ ನೋಡೀನಿ. ಹಿತ್ತಲದಾಗ ಒಮ್ಮಿ ಕೂಗಿದಂಗ ಕೇಳ್ತು ಅಂದಳು." ಪಡಸಾಲೆಯ ಕಡೆ ಕೈ ತೋರಿಸಿದರು. "ಗಿಳಿ ಸುಮ್ಮ ಕುಂತಿತ್ತು ಟೀಚರ್. ಅಷ್ಟು ದೂರದ್ದು ಅದಕ್ಕೂ ಕೇಳಿಲ್ಲ. ಅವರು ಕರದಾರ, ನಾ ಹೋಗಿಲ್ಲ. ಮನ್ಯಾಗೇ ಇದ್ದು ಯಾಕ ಬರವಲ್ಲಳು ಅಂತ ಅನ್ಕೋತನೇ ಹೋಗ್ಯಾರ. ನಾ ಬೇಕಂತ ಬರಲಿಲ್ಲ ಅಂತ..."

ನಾನು ಕಾಕಾನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಅವರ ಗದ್ದ ಹಿಡಿದು ಮುಖ ಎತ್ತಿ, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದೆ. "ಕಾಕಾಗ ಗೊತ್ತಿತ್ತು ಕಾಕು. ನಿಮಗ ಕೇಳಂಗಿಲ್ಲಂತ ಅವರಿಗಿ ಗೊತ್ತಿತ್ತು. ಕೂಗಿದ್ರೂ ಓಣಿಯವರಿಗಿ ಕೂಗಿರಬೇಕು. ನೀವು ಬೇಕಂತ ಬರಲಿಲ್ಲ ಅಂತ ಅವರು ಅನ್ಕೊಂಡಿರಂಗಿಲ್ಲ."

ಅವರು ನನ್ನನ್ನೇ ನೋಡಿದರು. "ಸುಳ್ಳು. ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

ಮಳೆಯ ದಿನ ಸ್ಟೇಷನ್ನಿನಲ್ಲಿ ಕಾಕಾ ಹೇಳಿದ್ದನ್ನು ಹೇಳಿದೆ. ಗಂಟಲು ಬಿದ್ದ ದಿನದ ಮಾತು, ಚಹಾದ ಕಪ್ಪು, ಇವತ್ತ ಹಾಡು ಛಲೋ ಇತ್ತು ಎಂದ ಅವರದೇ ಮಾತು. ಅದು ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವತ್ತು ಹಾಡೇ ಇರಲಿಲ್ಲ ಎಂದೆ. ಆಮೇಲೆ ಯಾವತ್ತೂ ಇರಲಿಲ್ಲ ಎಂದೆ.

ಅಂಥ ಮುಖವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಸಾವಿನ ದಿನವೂ ಅದು ಹಾಗಾಗಿರಲಿಲ್ಲ. ಕಣ್ಣು ದೊಡ್ಡದಾಗಿ, ಬಾಯಿ ಅರ್ಧ ತೆರೆದು, ಉಸಿರು ನಿಂತಂತೆ ಕುಳಿತರು. ನನಗೇ ಹೆದರಿಕೆಯಾಗಿ ಅವರ ಭುಜ ಅಲುಗಿಸಿದೆ.

"ದಿನಾ ತುಟಿ ಆಡತಿತ್ತಲ್ಲ" ಎಂದರು, ತಮಗೆ ತಾವೇ ಹೇಳಿಕೊಂಡಂತೆ.

"ನಿಮ್ಮ ಸಲುವಾಗಿ."

"ನಾ ದಿನಾ ಹೊಗಳ್ತಿದ್ದೆ. ಛಲೋ ಹಾಡಿದ್ರಿ ಅಂತ ದಿನಾ ಹೇಳ್ತಿದ್ದೆ. ಅವರು ದಿನಾ ಹೂಂ ಅಂತಿದ್ರು..." ಅವರಿಗೆ ನಗು ಬಂದಂತಾಯಿತು. ಆ ನಗು ಅರ್ಧದಲ್ಲಿಯೇ ಒಡೆದು, ಮೂರು ದಿನ ಬಾರದೆ ನಿಂತಿದ್ದ ಅಳು ಅವತ್ತು ಬಂತು. ಕಲ್ಲುಹಾಸಿಗೆ ಅಂಗೈ ಬಡಿಯುತ್ತ ಅತ್ತರು. ಕಾಲು ಕುಟ್ಟಿದ್ದಕ್ಕೆ ಬೈದ ಬೈಗುಳವನ್ನೆಲ್ಲ ಹೇಳಿಕೊಂಡು ಅತ್ತರು. ಮಗಳು ಗಾಬರಿಯಾಗಿ ಓಡಿ ಬಂದಳು. ಅವಳನ್ನು ಎದುರಿಗೆ ಕೂಡಿಸಿಕೊಂಡು ಕಾಕು ಕಣ್ಣು ಒರೆಸಿ ಹೇಳಿದರು, "ನನಗ ಕಿವಿ ಕೇಳಂಗಿಲ್ಲವ್ವ. ನಿಮ್ಮಪ್ಪಗ ಗೊತ್ತಿತ್ತು. ಇನ್ನ ನಿನಗೂ ಗೊತ್ತಿರಲಿ."

ಮಗಳು ನನ್ನ ಮುಖ ನೋಡಿದಳು.

ಆಮೇಲೆ ಕಾಕು ಬಚ್ಚಿಡಲಿಲ್ಲ. ಜಂಪರಿಗೆ ಬಂದವರಿಗೆ, "ಎದುರಿಗಿ ಬಂದು ಹೇಳ್ರಿ, ನಾ ಕೆವುಡಿ ಇದ್ದೀನಿ" ಎಂದು ತಾವೇ ಹೇಳುತ್ತಿದ್ದರು. ಒಬ್ಬಿಬ್ಬರು ನಕ್ಕಿರಬಹುದು. ಬಹಳ ಮಂದಿ ಸುಮ್ಮನೇ ಎದುರಿಗೆ ಬಂದು ನಿಂತರು. ಮಗಳು ಕಲಬುರಗಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷಿನ್ನು ಹಾಕಿಸಿದಳು. ಹಾಕಿಸಿಕೊಂಡು ಬಂದ ದಿನ ಮನೆಯಲ್ಲೆಲ್ಲ ತಿರುಗಾಡಿ ಒಂದೊಂದನ್ನೇ ಕೇಳಿದರು. ನಲ್ಲಿಯ ನೀರು, ಕತ್ತರಿ, ಸೀರೆಯ ಸರಬರ. ಗಿಳಿಯ ಮೋಟಾರಿಗೂ ಸಪ್ಪಳವಿದೆ ಎಂದು ಅವರಿಗೆ ಗೊತ್ತಾದದ್ದು ಅವತ್ತೇ.

ಸಂಜೆ ನನ್ನ ಪಕ್ಕದಲ್ಲಿ ಬಂದು ಕುಳಿತರು. ಎದುರಿಗಲ್ಲ, ಪಕ್ಕದಲ್ಲಿ.

"ಒಂದು ಕೇಳ್ತೀನಿ, ಹೇಳ್ರಿ. ನಿಮ್ಮ ಕಾಕಾನ ದನಿ ನನಗ ನೆನಪದ. ಆದ್ರ ಅದು ಹರೇದಾಗಿನ ದನಿ. ವಯಸ್ಸಾದ ಮ್ಯಾಲ ಹೆಂಗಾಗಿತ್ತು?"

ನಾನು ಕಾಕಾನ ಫೋನು, ನನ್ನ ಫೋನು, ಅವರ ಮಗಳ ಫೋನು ಎಲ್ಲ ಹುಡುಕಿದೆ. ಮೊಮ್ಮಗನ ಹುಟ್ಟುಹಬ್ಬದ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಕಾಕಾ ಮೂಲೆಯಲ್ಲಿ ನಗುತ್ತ ನಿಂತಿದ್ದಾರೆ, ಮಾತಾಡುತ್ತಿರುವುದು ಕಾಕು. ಗಿಳಿಯ ಮೈಕು ಅವರ ದನಿಯನ್ನು ಎಷ್ಟೋ ಸಲ ಕೇಳಿತ್ತು. ಆದರೆ ಅದು ಸಪ್ಪಳ ಇದೆ, ಇಲ್ಲ ಎನ್ನುವುದಷ್ಟನ್ನೇ ತಿಳಿಯುವ ಮೈಕು, ಏನನ್ನೂ ಇಟ್ಟುಕೊಳ್ಳುವುದಿಲ್ಲ. ಕೊನೆಗೆ ನಾನೇ ಹೇಳಬೇಕಾಯಿತು. ಸ್ವಲ್ಪ ಒಡಕು ಇತ್ತು ಕಾಕು, ಕಲ್ಲಿನ ಧೂಳಿಗೆ ಇರಬೇಕು. ಮಾತಿನ ಕೊನೆ ಸಣ್ಣದಾಗಿ ಇಳಿಯುತ್ತಿತ್ತು. ನಿಮ್ಮ ಹೆಸರು ಹೇಳುವಾಗ ಮಾತ್ರ... ಎಂದು ನಿಂತೆ. ಹೇಳ್ರಿ ಎಂದರು. ಆ ದನಿಯನ್ನು ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಅವರು ಕಣ್ಣು ಮುಚ್ಚಿ ಕುಳಿತಿದ್ದರು, ಕೇಳುತ್ತಿರುವವರ ಹಾಗೆ.

ಮುಂದಿನ ವರ್ಷ ನನಗೆ ಸೇಡಂಗೆ ವರ್ಗವಾಯಿತು. ಮದುವೆ, ಮಗು, ಮನೆ ಎಲ್ಲ ಇಲ್ಲಿಯೇ ಆಯಿತು. ಕಾಕು ಕೆಲವು ದಿನ ಶಹಾಬಾದಿನಲ್ಲಿ, ಕೆಲವು ದಿನ ಚಿತ್ತಾಪುರದಲ್ಲಿ ಮಗಳ ಹತ್ತಿರ ಇರುತ್ತಿದ್ದರು. ಹಿಂದೆ ಫೋನನ್ನೇ ಮುಟ್ಟದವರು ಈಗ ಭಾನುವಾರ ಬಂತೆಂದರೆ ಫೋನು ಮಾಡುತ್ತಿದ್ದರು. ಮೊದಲಿನ ಹಾಗೆಯೇ ಒಂದೇ ಉಸಿರಿನ ಮಾತು. ಹೇಳಿ ಹೇಳಿ ಮುಗಿದ ಮೇಲೆ ತಟ್ಟನೆ ನೆನಪಾದವರಂತೆ ನಿಂತು, "ಈಗ ನೀವು ಹೇಳ್ರಿ, ನಾ ಕೇಳ್ತೀನಿ" ಎನ್ನುತ್ತಿದ್ದರು. ನಿಜವಾಗಿಯೂ ಕಾಯುತ್ತಿದ್ದರು. ಆ ಕಡೆಯಿಂದ ಅವರ ಉಸಿರು ಕೇಳುತ್ತಿತ್ತು. ನಾನು ಒಲೆಯ ಮೇಲೆ ಏನೋ ಇಟ್ಟಿರುತ್ತಿದ್ದೆ, ಮಗು ಅಳುತ್ತಿರುತ್ತಿತ್ತು. ಎಲ್ಲ ಆರಾಮ ಕಾಕು, ಮತ್ತೆ ಮಾಡ್ತೀನಿ, ಎಂದು ಇಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಕಾಕು ಹೋದರು. ಜ್ವರ ಬಂದಿತ್ತು, ವಾರದೊಳಗೆ ಮುಗಿಯಿತು ಎಂದು ಅವರ ಮಗಳು ಹೇಳಿದಳು. ಆ ಸುದ್ದಿಯೂ ಭಾನುವಾರವೇ ಬಂತು. ಪರದೆಯ ಮೇಲೆ ಕಾಕುವಿನ ಹೆಸರು ನೋಡಿ, ಇವತ್ತು ಬೇಗ ಮಾಡಿದ್ದಾರೆ ಎಂದುಕೊಳ್ಳುತ್ತ ಎತ್ತಿದ್ದೆ. ಅತ್ತಲಿಂದ ಮಾತೇ ಬರಲಿಲ್ಲ. ಕಾಕುವಿನ ಫೋನಿನಿಂದ ಮಾತು ಬಾರದಿರುವುದು ಎಂದರೆ ಏನೆಂದು ನನಗೆ ಆ ಕ್ಷಣಕ್ಕೇ ತಿಳಿಯಿತು.

ಈಗ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಗದ್ದಲವಿರುತ್ತದೆ. ನನ್ನ ಮಗಳು ಒಂದನೆಯ ತರಗತಿಗೆ ಹೋಗುತ್ತಾಳೆ. ನಿನ್ನೆ ಅವಳ ಮುಂದಿನ ಹಲ್ಲು ಬಿತ್ತು. ಈ ಸಲ ತೊಗರಿ ಚೆನ್ನಾಗಿ ಬಂದಿದೆ ಎಂದು ತವರಿನಿಂದ ಹೇಳಿ ಕಳಿಸಿದ್ದಾರೆ. ನನ್ನ ಬಲಗಡೆಯ ಮೊಣಕಾಲು ಒಂದು ತಿಂಗಳಿಂದ ನೋಯುತ್ತಿದೆ, ಇನ್ನೂ ಯಾರಿಗೂ ಹೇಳಿಲ್ಲ. ಕಾಕುವಿಗೆ ಹೇಳಲು ಈಗ ಬಹಳ ಇದೆ.